ಸ್ಟ್ರಾಂಗ್‌ರೂಮಿನ ಗೋಡೆ ಮತ್ತು ಮೂರು ಗಾಜಿನ ಪಟ್ಟಿ

ಕೆ.ಆರ್. ಪೇಟೆಯ ಒಂದು ಸಹಕಾರಿ ಬ್ಯಾಂಕಿನವರು ನಮ್ಮ ಕಚೇರಿಗೆ ಬರೆದ ಪತ್ರದಲ್ಲಿ ಕೇಳಿದ್ದು ಒಂದೇ. ಕಟ್ಟಡ ಶಿಥಿಲವಾಗಿದೆ ಎಂಬುದಕ್ಕೆ ಪ್ರಮಾಣಪತ್ರ ಬೇಕು ಎಂದು. ಶಿಥಿಲವಾಗಿದೆಯೇ ಎಂದು ಅವರು ಕೇಳಿರಲಿಲ್ಲ. ಮೈಸೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಯ ಯಜಮಾನರು ವಯಸ್ಸಾದ ಕಟ್ಟಡ ಎಂಜಿನಿಯರು. ಅವರು ಆ ಪತ್ರವನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲಿಟ್ಟರು. ಮೊದಲು ಅಳತೆ ಮಾಡು, ಅಭಿಪ್ರಾಯ ಆಮೇಲೆ, ಅಂದರು. ಆ ಪತ್ರದ ಮೇಲೆ ಅವರಿಗೂ ಅನುಮಾನ ಬಂದಿದೆ ಅಂತ ನನಗೆ ಆಗಲೇ ಗೊತ್ತಾಯಿತು.

ಅದು ತೊಂಬತ್ತರ ದಶಕದ ನಡುವಿನ ಒಂದು ಜೂನ್ ತಿಂಗಳು. ನನ್ನ ಮನೆ ಶ್ರೀರಂಗಪಟ್ಟಣದಲ್ಲಿ. ಬೆಳಗ್ಗೆ ಪಾಂಡವಪುರ, ಚಿನಕುರಳಿ ಮೇಲೆ ಹೋಗುವ ಬಸ್ಸು ಹಿಡಿದರೆ ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ಪೇಟೆಯಲ್ಲಿರುತ್ತಿದ್ದೆ. ನಾಲ್ಕು ಗಂಟೆಯ ಬಸ್ಸಿಗೆ ವಾಪಸು. ಟೇಪು, ತೂಗುಗುಂಡು, ರಸಮಟ್ಟ, ಅಳತೆ ಪುಸ್ತಕ, ಇಷ್ಟು ನನ್ನ ಚೀಲದಲ್ಲಿ.

ಕಟ್ಟಡ ನೋಡಿದ ಮೊದಲ ದಿನವೇ ಅದರ ಮೇಲೆ ನನಗೆ ಮನಸ್ಸಾಯಿತು ಎಂದು ಒಪ್ಪಿಕೊಳ್ಳಬೇಕು. ಬೀದಿಗೆ ಮೂರು ಕಮಾನು, ಅದರ ಹಿಂದೆ ದುಂಡು ಕಲ್ಲುಕಂಬದ ಜಗಲಿ. ಒಳಗೆ ಹದಿನಾರು ಅಡಿ ಎತ್ತರದ ಹಜಾರ. ಮೇಲೆ ಮದ್ರಾಸ್ ತಾರಸಿ, ಅಂದರೆ ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಮಾಡು. ತಾರಸಿಯ ಕೆಳಗೆ ಸುತ್ತಲೂ ಗಾಳಿಕಿಂಡಿಗಳು. ಹೊರಗೆ ಜೂನ್‌ನ ಧಗೆ ಇದ್ದರೂ ಕೌಂಟರಿನ ಹಿತ್ತಾಳೆ ಸರಳುಗಳು ಮುಟ್ಟಿದರೆ ತಣ್ಣಗಿರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂಭಾಗದಲ್ಲಿ ಹಣ, ಒಡವೆ ಇಡುವ ಸ್ಟ್ರಾಂಗ್‌ರೂಮು. ಅದನ್ನು ಕಟ್ಟಿದವನು ಮನೆಯೊಳಗೊಂದು ಮನೆಯ ಹಾಗೆ ಕಟ್ಟಿದ್ದ. ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಉದ್ದುದ್ದ ಚಪ್ಪಡಿಗಳ ಮಾಡು. ಅದರ ಒಂದು ಗೋಡೆಯೂ ಹೊರಗೋಡೆಗೆ ತಾಗುವುದಿಲ್ಲ. ಎರಡು ಬದಿಗೂ ಹಿಂದಕ್ಕೂ ಒಬ್ಬ ಮನುಷ್ಯ ನಡೆಯುವಷ್ಟು ಓಣಿ ಬಿಟ್ಟಿದ್ದಾನೆ. ಕಾವಲಿನವನು ದೀಪ ಹಿಡಿದು ಸುತ್ತು ಬಂದರೆ ಯಾರೂ ಹೊರಗಿನಿಂದ ಕನ್ನ ಕೊರೆದು ನೇರವಾಗಿ ಒಳಗೆ ಹೋಗಲಾಗದು.

ಬಿರುಕು ಇದ್ದದ್ದು ಎಡಗಡೆಯ ಓಣಿಯಲ್ಲಿ. ಸ್ಟ್ರಾಂಗ್‌ರೂಮಿನ ಬಾಗಿಲು ಹಜಾರದ ಕಡೆಯ ಗೋಡೆಯಲ್ಲಿ, ಎಡ ಮೂಲೆಗೆ ಹತ್ತಿರ. ಆ ಮೂಲೆ ತಿರುಗಿ ಓಣಿಗೆ ಬಂದರೆ ಎರಡು ಮೊಳ ದೂರದಲ್ಲಿ, ನೆಲದಿಂದ ಸೂರಿನವರೆಗೆ, ನೆಟ್ಟಗೆ ದಾರ ಹಿಡಿದ ಹಾಗೆ ಸೀಳಿತ್ತು. ಬೆರಳುಗುರು ತೂರುವಷ್ಟು ಅಗಲ.

ಬ್ಯಾಂಕಿನ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು. ಸುತ್ತಮುತ್ತ ಜಮೀನಿದ್ದ ಮನೆತನದವರು, ಮಾತು ಮೆಲ್ಲಗೆ. ಹಳೆಯದನ್ನು ಕೆಡವಿ ಕೆಳಗೆ ಅಂಗಡಿ ಸಾಲು, ಮೇಲೆ ಬ್ಯಾಂಕು ಕಟ್ಟುವ ಯೋಜನೆ ಇದೆ, ನಕ್ಷೆಯೂ ತಯಾರಿದೆ ಎಂದರು. ಹೊರಡುವಾಗ ಹೇಳಿದರು: "ನೋಡಿ ಇಂಜಿನಿಯರೇ, ಜನದ ಮ್ಯಾಲೆ ಬೀಳೋಕ್ ಮುಂಚೆ ನಾವೇ ಕೆಡವಿಬುಡೋದು ಒಳ್ಳೇದಲ್ವಾ? ನೀವ್ ಒಂದ್ ಮಾತು ಬರ್ಕೊಟ್ಬುಡಿ, ಮಿಕ್ಕಿದ್ದು ನಾವ್ ನೋಡ್ಕತೀವಿ." ಆ ನಯವಾದ ಮಾತು ಕೇಳಿದಾಗಿನಿಂದ ಆ ಕಟ್ಟಡದಲ್ಲಿ ಯಾರನ್ನೂ ಪೂರ್ತಿ ನಂಬದೆ ಓಡಾಡಿದೆ.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯುವ ಸಾಧಾರಣ ಉಪಾಯ ಗಾಜಿನ ಪಟ್ಟಿ. ಬೆರಳುದ್ದದ ತೆಳು ಗಾಜನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತುತ್ತೇವೆ. ಗೋಡೆ ಕೂದಲಷ್ಟು ಸರಿದರೂ ಗಾಜು ಒಡೆಯುತ್ತದೆ. ನಾನು ಮೂರು ಪಟ್ಟಿ ಹಾಕಿದೆ. ಮೇಲೊಂದು ಏಣಿ ಹತ್ತಿ, ನಡುವೆ ಒಂದು ಎದೆಯೆತ್ತರಕ್ಕೆ, ಕೆಳಗೊಂದು ಕುಕ್ಕರಗಾಲಲ್ಲಿ ಕೂತು. ಅದು ಸಾಲದೆಂದು ಬಿರುಕಿನ ಎರಡೂ ಬದಿಗೆ ಹಿತ್ತಾಳೆಯ ಮೊಳೆ ಹೊಡೆದು ನಡುವಿನ ಅಂತರವನ್ನು, ಕೂದಲೆಳೆಯಷ್ಟನ್ನೂ ತೋರಿಸುವ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡೆ. ಗಾಜಿನ ಪಕ್ಕ ಪೆನ್ಸಿಲಿನಲ್ಲಿ ತಾರೀಖು ಹಾಕಿದೆ.

ಮುಂದಿನ ವಾರ ಬಂದು ನೋಡಿದರೆ ನಡುವಿನ ಗಾಜು ಒಡೆದಿತ್ತು. ಮೇಲಿನದು, ಕೆಳಗಿನದು ಎರಡೂ ಗಟ್ಟಿಯಾಗಿದ್ದವು. ಮೊಳೆಗಳ ಅಂತರ ಅಳೆದೆ. ಒಂದು ಗೆರೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಮೂರು ಸಲ ಅಳೆದೆ, ಅಷ್ಟೇ.

ಗೋಡೆ ಸರಿದಿಲ್ಲ, ಆದರೂ ಗಾಜು ಒಡೆದಿದೆ. ಅದೂ ಕೈಗೆ ಸಲೀಸಾಗಿ ಸಿಗುವ ಎತ್ತರದ್ದೊಂದೇ. ಇದು ಮನುಷ್ಯನ ಕೈಯ ಕೆಲಸ ಎಂದು ತೀರ್ಮಾನಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಓಣಿಗೆ ಹೋಗಿಬರುತ್ತಿದ್ದವರು ಒಬ್ಬರೇ. ಬ್ಯಾಂಕಿನ ಅಟೆಂಡರು, ನಲವತ್ತು ದಾಟಿದ ಹೆಂಗಸು. ಮೊದಲು ಅವರ ಗಂಡ ಅದೇ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಕೆಲಸ ಈಕೆಗೆ ಬಂದಿತ್ತು. ಮುಂಬಾಗಿಲಿನ ಬೀಗದ ಕೈ ಇವರ ಹತ್ತಿರ. ಎಂಟೂವರೆಗೆ ಬಂದು ಬಾಗಿಲು ತೆಗೆದು, ಗುಡಿಸಿ, ಒರೆಸಿ, ಓಣಿಯಲ್ಲಿಟ್ಟ ಹಳೆಯ ಕಡತಗಳ ಧೂಳು ಹೊಡೆಯುತ್ತಿದ್ದರು. ಮಧ್ಯಾಹ್ನ ಮನೆಗೆ ಓಡಿಹೋಗಿ ಹಾಸಿಗೆ ಹಿಡಿದ ಅತ್ತೆಗೆ ಊಟ ಕೊಟ್ಟು ಬರುತ್ತಿದ್ದರು. ನನ್ನ ಹತ್ತಿರ ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಟೇಪು ಹಿಡಿದಾಗಲೆಲ್ಲ ಕಂಬದ ಪಕ್ಕ ನಿಂತು ನೋಡುತ್ತಿದ್ದರು. ಆ ನೋಟ ನನಗೆ ಹಿಡಿಸುತ್ತಿರಲಿಲ್ಲ. ಅಧ್ಯಕ್ಷರೇ ಈಕೆಗೆ ಏನೋ ಹೇಳಿಕೊಟ್ಟಿರಬೇಕು, ಬಿರುಕು ಬೆಳೆಯುತ್ತಿದೆ ಎಂದು ತೋರಿಸಲು ಗಾಜು ಒಡೆಸುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ.

ಕೇಳಿಯೂಬಿಟ್ಟೆ. ಆಕೆ ಪೊರಕೆ ಗೋಡೆಗೊರಗಿಸಿ ನಿಧಾನವಾಗಿ ಹೇಳಿದರು: "ಗಾಜ ನಾನ್ಯಾಕ್ ಒಡೀಲಿ ಸಾ? ಒರ್ಸೋ ಬಟ್ಟೇನೂ ಅದ್ರ ಅತ್ರುಕ್ ತಗೊಂಡೋಗಿಲ್ಲ. ಈ ಸೀಳು ಬಂದುದ್ದು ದೊಡ್ಡ ಬಾಗ್ಲು ಬಂದ್ಮ್ಯಾಲೆ ಕಣ್ಸಾ. ಮೊದ್ಲು ಇರ್ನಿಲ್ಲ."

ಮಾತು ತಿರುಗಿಸುತ್ತಿದ್ದಾರೆ ಅಂದುಕೊಂಡೆ. ಅಳತೆ ಪುಸ್ತಕದಲ್ಲಿ ಒಡೆದ ಗಾಜಿನ ವಿಷಯ ಬರೆದೆ, ಆ ಮಾತನ್ನು ಬರೆಯಲಿಲ್ಲ.

ಆಮೇಲೆ ನಾನೊಂದು ಪರೀಕ್ಷೆ ಹೂಡಿದೆ. ಅದರ ಜಾಣತನದ ಬಗ್ಗೆ ಆಗ ನನಗೆ ಹೆಮ್ಮೆಯಿತ್ತು. ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿದು ಸ್ಟ್ರಾಂಗ್‌ರೂಮಿಗೆ ಬೀಗ ಬಿದ್ದ ಮೇಲೆ ನಡುವಿನ ಗಾಜು ಹೊಸದಾಗಿ ಹಚ್ಚಿದೆ. ಭಾನುವಾರ ರಜ, ಅಟೆಂಡರ್ ಬರುವುದಿಲ್ಲ. ಸೋಮವಾರ ಬೆಳಗ್ಗೆ ಆಕೆ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯಲ್ಲೇ ಕಾದಿದ್ದು ಜೊತೆಯಲ್ಲೇ ಒಳಗೆ ಹೋದೆ. ಗಾಜು ಇಡಿಯಾಗಿತ್ತು. ಆ ದಿನ ಹಜಾರ ಅಳೆದು ನಾಲ್ಕಕ್ಕೆ ಹೊರಟೆ. ಮಂಗಳವಾರ ಬೆಳಗ್ಗೆ ಬಂದರೆ ಒಡೆದಿದೆ. ಆಕೆ ಇಲ್ಲದ ದಿನ ಒಡೆಯಲಿಲ್ಲ, ಇದ್ದ ದಿನ ಒಡೆಯಿತು. ಇನ್ನೇನು ಬೇಕು?

ಮ್ಯಾನೇಜರಿಗೆ ಕಾಗದ ಬರೆದುಕೊಟ್ಟೆ. ಅಳತೆ ಸಾಧನಗಳಿಗೆ ಸಿಬ್ಬಂದಿಯೊಬ್ಬರಿಂದ ಧಕ್ಕೆಯಾಗುತ್ತಿದೆ, ಓಣಿಯ ಪ್ರವೇಶ ಯಾರಿಗಿದೆ ಎಂಬುದು ತಮಗೆ ಗೊತ್ತಿದೆ ಎಂದಿತ್ತು ಅದರಲ್ಲಿ. ಹೆಸರು ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮ್ಯಾನೇಜರು ಹೆದರಿಕೆಯ ಸ್ವಭಾವದವರು. ಅಧ್ಯಕ್ಷರ ಕಡೆಗೂ ನಿಲ್ಲಲಾರರು, ಎದುರಿಗೂ ನಿಲ್ಲಲಾರರು. ಕಾಗದ ಕೈಗೆ ಬಂದ ಎರಡನೆಯ ದಿನ ಅಟೆಂಡರನ್ನು ಕೆಲವು ಮೈಲಿ ದೂರದ ಮಾಕವಳ್ಳಿ ಶಾಖೆಗೆ ಹಾಕಿದರು. ಬೀಗದ ಕೈ ತಮ್ಮ ಮೇಜಿನ ಖಾನೆಗೆ ಸೇರಿಸಿಕೊಂಡರು. ಆಕೆ ಏನೂ ಕೇಳದೆ ಹೋದರಂತೆ. ಮಧ್ಯಾಹ್ನ ಅತ್ತೆಗೆ ಊಟ ಕೊಡಲು ಪಕ್ಕದ ಮನೆಯವರನ್ನು ಕೇಳಿಕೊಳ್ಳುತ್ತಿದ್ದಾರೆ ಎಂದು ಕ್ಯಾಷಿಯರ್ ಹೇಳಿದಾಗ ನಾನು ರಸಮಟ್ಟದ ಗುಳ್ಳೆ ನೋಡುತ್ತಾ ಕೂತಿದ್ದೆ.

ಹೊಸ ಅಟೆಂಡರು ಓಣಿಯ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ನಾನು ಮತ್ತೆ ಗಾಜು ಹಚ್ಚಿದೆ. ಮೂರನೆಯ ದಿನ ಬಂದೆ.

ನಡುವಿನ ಗಾಜು ಒಡೆದಿತ್ತು.

ಆಗಲೂ ನನ್ನ ತಲೆ ಸೀದಾ ದಾರಿಗೆ ಬರಲಿಲ್ಲ. ಆಕೆ ಅಲ್ಲದಿದ್ದರೆ ಇನ್ನೊಬ್ಬರು ಎಂದೇ ಹುಡುಕಿತು. ಅಧ್ಯಕ್ಷರ ಕಡೆಯವರು ಯಾರಾದರೂ ಇರಬಹುದೇ? ಕ್ಯಾಷಿಯರೇ? ಮ್ಯಾನೇಜರರ ಹೆದರಿಕೆಯೂ ನಾಟಕವೇ? ಅವತ್ತು ಕ್ಯಾಷಿಯರ್ ತಂದುಕೊಟ್ಟ ಟೀಯನ್ನು ಕುಡಿಯದೆ ಇಟ್ಟೆ. ಮೈಸೂರಿಗೆ ಹೋಗಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು, ಗಾಜು ಒಡೆಯುವುದನ್ನು ನೀನು ಒಂದು ಸಲವಾದರೂ ನೋಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನಿನ್ನ ಹತ್ತಿರ ಇರುವುದು ಒಡೆದ ಗಾಜು ಮಾತ್ರ ಎಂದರು.

ಬಸ್ಸಿನಲ್ಲಿ ಮನೆಗೆ ಬರುತ್ತಾ ನಿರ್ಧಾರ ಮಾಡಿದೆ. ಇನ್ನು ಅಳತೆ ಬೇಡ, ನಕ್ಷೆ ಬಿಡಿಸುವುದೂ ಬೇಡ. ಒಂದು ಇಡೀ ದಿನ, ಬಾಗಿಲು ತೆಗೆದಾಗಿನಿಂದ ಬೀಗ ಬೀಳುವವರೆಗೆ, ಆ ಗಾಜಿನ ಮುಂದೆ ಕೂರುವುದು.

ಬಾಗಿಲು ತೆಗೆದ ಕೂಡಲೇ ಹೊಸ ಗಾಜು ಹಚ್ಚಿ, ಹಾಗೇ ಮಾಡಿದೆ. ಓಣಿಯಲ್ಲಿ ಒಂದು ಸ್ಟೂಲು, ತಲೆಯ ಮೇಲೆ ಬಲ್ಬು. ಗಾಜು ನನ್ನ ಮುಖಕ್ಕೆ ಒಂದು ಮೊಳ ದೂರ. ಹಜಾರದಲ್ಲಿ ಜನ ಬಂದು ಹೋಗುವ ಸದ್ದು, ಠಸ್ಸೆ ಒತ್ತುವ ಸದ್ದು ಎಲ್ಲ ಕೇಳಿಸುತ್ತಿತ್ತು. ಎಂಜಿನಿಯರು ಗೋಡೆ ಕಾಯ್ತಾವ್ರೆ ಎಂದು ಯಾರೋ ನಕ್ಕಿದ್ದೂ ಕೇಳಿಸಿತು. ಮಧ್ಯಾಹ್ನ ತಂದಿದ್ದ ಚಪಾತಿ ಅಲ್ಲೇ ತಿಂದೆ. ನಾಲ್ಕರ ಬಸ್ಸು ಹೋಯಿತು. ಆ ಕಟ್ಟಡದಲ್ಲಿ ನಾಲ್ಕು ಗಂಟೆಯ ನಂತರ ಇದ್ದದ್ದು ಅವತ್ತೇ ಮೊದಲು. ಐದಾಯಿತು. ಗಾಜು ಇಡಿಯಾಗಿತ್ತು, ಓಣಿಗೆ ಒಂದು ಇಲಿಯೂ ಬಂದಿರಲಿಲ್ಲ.

ಐದೂವರೆಗೆ ಮೂಲೆಯಾಚೆ ಕ್ಯಾಷಿಯರೂ ಮ್ಯಾನೇಜರೂ ಪೆಟ್ಟಿಗೆಗಳನ್ನು ಸ್ಟ್ರಾಂಗ್‌ರೂಮಿನ ಒಳಗಿಡುವುದು ಕೇಳಿಸಿತು. ಆಮೇಲೆ ಬಾಗಿಲಿನ ಕೀಲು ಕಿರ್ರೆಂದಿತು. ಕ್ಯಾಷಿಯರ್ ಭುಜ ಕೊಟ್ಟು ನೂಕುತ್ತಿದ್ದಾರೆ ಎಂದು ಅವರ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಧಡ್ ಎಂದು ಬಾಗಿಲು ಚೌಕಟ್ಟಿಗೆ ಬಡಿಯಿತು. ನನ್ನ ಮುಂದೆ, ನೆಟಿಗೆ ಮುರಿದಷ್ಟು ಸಣ್ಣ ಸದ್ದು. ಗಾಜಿನ ನಡುವೆ ಕೂದಲೆಳೆಯಂಥ ಗೆರೆ ಬಿದ್ದಿತ್ತು.

ವರ್ನಿಯರ್ ತೆಗೆದು ಮೊಳೆಗಳ ಅಂತರ ಅಳೆದೆ. ಹಿಂದಿನಷ್ಟೇ ಇತ್ತು. ಗೋಡೆ ಒಂದು ಕ್ಷಣ ಹೊರಗೆ ಹೋಗಿ ತನ್ನ ಜಾಗಕ್ಕೆ ವಾಪಸು ಬಂದಿತ್ತು.

ಮೂಲೆ ತಿರುಗಿ ಹೋಗಿ, ಬಾಗಿಲನ್ನು ಇನ್ನೊಂದು ಸಲ ತೆಗೆದು ಹಾಕಲು ಕೇಳಿಕೊಂಡೆ. ಮ್ಯಾನೇಜರು ಹಿಂಜರಿದರು, ನನ್ನ ಮುಖ ನೋಡಿ ಒಪ್ಪಿದರು. ನಾನು ಓಣಿಯಲ್ಲಿ ಬಿರುಕಿಗೆ ಅಂಗೈ ಒತ್ತಿ ನಿಂತೆ. ಬಾಗಿಲು ಬಡಿಯಿತು. ಗೋಡೆ ಕೈಯನ್ನು ತಳ್ಳಿತು, ಸುಣ್ಣದ ಪುಡಿ ಮುಂಗೈ ಮೇಲೆ ಉದುರಿತು.

ಬಾಗಿಲು ಯಾವಾಗ ಹಾಕಿಸಿದ್ದು ಎಂದು ಕೇಳಿದೆ. ಕ್ಯಾಷಿಯರ್ ಬೆವರು ಒರೆಸಿಕೊಳ್ಳುತ್ತಾ ಹೇಳಿದರು: "ಅತ್ತನ್ನೆರಡೊರ್ಸ ಆಗಿರ್ಬೌದು ಸಾ. ಮೊದ್ಲುದ್ದು ಕಿರಿದು, ಬಗ್ಗಿ ಓಗ್ಬೇಕಿತ್ತು. ಇದು ಬಲು ಭಾರ, ಕಂಡಿ ಸಾಲ್ದೆ ಗ್ವಾಡೆ ಒಡ್ದು ಕೂರ್ಸುದ್ರು." ಅಟೆಂಡರ್ ಹೇಳಿದ್ದೂ ಇದೇ ಮಾತು. ಅದನ್ನು ನಾನು ಬರೆದುಕೊಂಡಿರಲಿಲ್ಲ. ಜಗಲಿಗೆ ಬಂದು ಕಂಬದ ಬುಡದಲ್ಲಿ ಕೂತೆ.

ಮರುದಿನ ಮೂಲೆಯ ಗಾರೆ ಕೆತ್ತಿಸಿದೆ. ಕಾಣಬೇಕಾದ್ದು ಕಂಡಿತು. ಹೊಸ ಬಾಗಿಲಿಗೆ ಜಾಗ ಮಾಡಲು ಮೂಲೆಯವರೆಗೆ ಕಲ್ಲು ಕಿತ್ತು, ಮೂಲೆಯನ್ನು ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದ್ದರು. ಹಳೆಯ ಕಲ್ಲಿಗೂ ಹೊಸ ಇಟ್ಟಿಗೆಗೂ ಒಂದು ಕಡೆಯೂ ಕಚ್ಚು ಕೊಟ್ಟಿರಲಿಲ್ಲ, ಅಂದರೆ ಒಂದರೊಳಗೊಂದು ಹೆಣೆದಿರಲಿಲ್ಲ, ಬರೀ ಒತ್ತಿ ನಿಲ್ಲಿಸಿ ಮೇಲೆ ಗಾರೆ ಬಳಿದಿದ್ದರು. ಆ ಬೆಸುಗೆಯಿಲ್ಲದ ಸಂದೇ ಓಣಿಯಲ್ಲಿ ಕಾಣುತ್ತಿದ್ದ ನೆಟ್ಟನೆಯ ಬಿರುಕು. ಬಾಗಿಲಿನ ಭಾರವೆಲ್ಲ ಆ ಇಟ್ಟಿಗೆ ಕಂಬಕ್ಕೆ. ಕಂಬದ ತಲೆಯನ್ನು ಚಪ್ಪಡಿ ಒತ್ತಿ ಹಿಡಿದಿದೆ, ಬುಡವನ್ನು ನೆಲ ಹಿಡಿದಿದೆ, ನಡು ಮಾತ್ರ ಬಡಿತಕ್ಕೆ ಬಿಲ್ಲಿನ ಹಾಗೆ ಬಾಗುತ್ತದೆ. ಎದೆಯೆತ್ತರದ ಗಾಜು ಮಾತ್ರ ಒಡೆಯುತ್ತಿದ್ದುದು ಅದಕ್ಕೆ. ಭಾನುವಾರ ಒಡೆಯದಿದ್ದದ್ದು ಅವತ್ತು ಬಾಗಿಲು ಹಾಕುವವರಿಲ್ಲದ್ದಕ್ಕೆ.

ತಳಪಾಯದ ಅನುಮಾನವೂ ಉಳಿಯಬಾರದೆಂದು ಹೊರಗೋಡೆಯ ಬುಡದಲ್ಲಿ ಎರಡು ಕಡೆ ಗುಂಡಿ ತೋಡಿಸಿದೆ. ಕಲ್ಲಿನ ತಳ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತಾ ಐದಡಿ ಇಳಿದು ಗಟ್ಟಿ ನೆಲದ ಮೇಲೆ ಕೂತಿತ್ತು. ತೊಲೆಗಳ ತುದಿ ಕುಟ್ಟಿ ನೋಡಿದೆ, ಎರಡು ಬಿಟ್ಟು ಎಲ್ಲ ಗಟ್ಟಿ ಸದ್ದು ಕೊಟ್ಟವು. ಸ್ಟ್ರಾಂಗ್‌ರೂಮು ಹೊರಗೋಡೆಗೆ ತಾಗದೆ ನಿಂತಿದ್ದರಿಂದ ಅದರ ರೋಗ ಕಟ್ಟಡಕ್ಕೆ ಹರಡಿರಲಿಲ್ಲ. ಇಟ್ಟಿಗೆ ಮೂಲೆಯನ್ನು ಹಂತಹಂತವಾಗಿ ಬಿಚ್ಚಿ ಕಲ್ಲಿನಲ್ಲಿ ಕಚ್ಚು ಕೊಟ್ಟು ಕಟ್ಟುವುದು, ಬಾಗಿಲನ್ನು ಗೋಡೆಯಿಂದ ಬಿಡಿಸಿ ನೆಲಕ್ಕೆ ಊರಿದ ಸ್ವಂತ ಉಕ್ಕಿನ ಚೌಕಟ್ಟಿಗೆ ತೂಗುಹಾಕುವುದು, ಎರಡು ತೊಲೆ ಬದಲಾಯಿಸುವುದು. ಇಷ್ಟೇ ಮದ್ದು.

ವರದಿ ಸಿದ್ಧ ಮಾಡುವಾಗ ಕೊನೆಗೆ ಇನ್ನೊಂದು ಪುಟ ಸೇರಿಸಿದೆ. ಗಾಜಿನ ಪಟ್ಟಿಯನ್ನು ಯಾರೂ ಒಡೆದಿಲ್ಲ, ಬಾಗಿಲಿನ ಬಡಿತಕ್ಕೆ ಅದು ಒಡೆದಿದೆ, ಸಿಬ್ಬಂದಿಯ ಬಗ್ಗೆ ನಾನು ಕೊಟ್ಟ ಕಾಗದ ತಪ್ಪು, ಆ ತಪ್ಪು ಪೂರ್ತಿ ನನ್ನದು ಎಂದು. ತಾಂತ್ರಿಕ ವರದಿಯಲ್ಲಿ ಇದಕ್ಕೆ ಜಾಗವಿಲ್ಲ, ಕಚೇರಿಯ ಹೆಸರಿಗೂ ಒಳ್ಳೆಯದಲ್ಲ ಎಂದರು ಯಜಮಾನರು. ಆ ಪುಟ ತೆಗೆದರೆ ಉಳಿದ ಪುಟಗಳಿಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಅವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿ, ಸರಿ, ಇರಲಿ ಎಂದರು.

ಅಧ್ಯಕ್ಷರು ವರದಿ ಓದಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಳೇ ಕಟ್ಟಡದ ಮೇಲೆ ಆಸೆ ಇರುವವರು ಯಾರು ನಿಮ್ಮನ್ನು ಹಿಡಿದರು ಎಂದು ಕೇಳಿದರು. ನಾನು ಅವರನ್ನು ಶಂಕಿಸಿದ ಹಾಗೆಯೇ ಅವರೂ ನನ್ನನ್ನು ಶಂಕಿಸಿದ್ದರು. ಅವರಿಗೆ ಅಂಗಡಿ ಸಾಲು ಬೇಕಿದ್ದದ್ದು ನಿಜ, ಆದರೆ ಗಾಜಿನ ತಂಟೆಗೆ ಅವರು ಬಂದಿರಲಿಲ್ಲ. ಓಣಿಗೆ ಕರೆದುಕೊಂಡು ಹೋಗಿ, ಬಿರುಕಿನ ಮೇಲೆ ಅವರ ಅಂಗೈ ಇರಿಸಿ, ಬಾಗಿಲು ಹಾಕಿಸಿದೆ. ಅವರು ಕೈ ಹಿಂದಕ್ಕೆಳೆದುಕೊಂಡು ಸುಣ್ಣದ ಪುಡಿ ನೋಡಿದರು. ಮಂಡಳಿ ಸಭೆಯಲ್ಲಿ ಎರಡು ವಾರ ಜಗ್ಗಾಡಿ ಕೊನೆಗೆ ರಿಪೇರಿಗೆ ಒಪ್ಪಿದರು.

ಮಾಕವಳ್ಳಿಗೆ ಹೋದದ್ದು ಆಮೇಲೆ. ಸಕ್ಕರೆ ಕಾರ್ಖಾನೆಯ ಹತ್ತಿರ ಬಾಡಿಗೆ ಮನೆಯೊಂದರಲ್ಲಿ ಶಾಖೆ. ಅಟೆಂಡರ್ ಬಾಗಿಲಲ್ಲಿ ನೀರಿನ ಕೊಡ ಇಳಿಸುತ್ತಿದ್ದರು. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡರು, ಅಷ್ಟೇ. ನನ್ನಿಂದ ತಪ್ಪಾಗಿದೆ ಎಂದು ಹೇಳಿದೆ. ನಡೆದದ್ದನ್ನು ವಿವರಿಸಿದೆ. ಆಕೆ ಹೇಳಿದ ಬಾಗಿಲಿನ ಮಾತೇ ನಿಜವಾಯಿತು ಎಂದೂ ಹೇಳಿದೆ. ಚೀಲದಿಂದ ಆ ಕೊನೆಯ ಪುಟದ ಪ್ರತಿ ತೆಗೆದು ಓದಿ ಹೇಳಲು ಹೊರಟೆ. ಆಕೆ ಕೈ ಅಡ್ಡ ಮಾಡಿದರು.

"ನಾ ಒಡ್ದಿಲ್ಲ ಅನ್ನೋದು ನಂಗ್ ಗೊತ್ತಲ್ವಾ ಸಾ? ನಂಗ್ಯಾಕ್ ಓದ್ತೀರಿ? ಅಲ್ಲೋಗಿ ಓದಿ. ನಾನೂ ಬತ್ತೀನಿ, ಎಲ್ರೂ ಕೇಳ್ಲಿ."

ನಾನು ಹೂಂ ಎಂದೆ. ಅತ್ತೆ ಹೇಗಿದ್ದಾರೆ ಎಂದು ಕೇಳಬೇಕೆನಿಸಿತು, ಕೇಳದೆ ಪುಟವನ್ನು ಚೀಲಕ್ಕೆ ಹಾಕಿಕೊಂಡೆ.

ಆ ಶನಿವಾರ ವ್ಯವಹಾರ ಮುಗಿದ ಮೇಲೆ ಮ್ಯಾನೇಜರು ಎಲ್ಲರನ್ನೂ ಹಜಾರದಲ್ಲಿ ನಿಲ್ಲಿಸಿದರು. ಕೌಂಟರಿನ ಹೊರಗೆ ಇನ್ನೂ ಹೊರಡದ ನಾಲ್ಕಾರು ಜನ ರೈತರೂ ಇದ್ದರು. ಅವರನ್ನು ಕಳಿಸಲು ಮ್ಯಾನೇಜರು ಹೋದರೆ, ಅಟೆಂಡರ್ "ಇರ್ಲಿ ಬುಡಿ ಸಾ" ಎಂದರು. ನಾನು ಓದಿದೆ. ಒಂದೂವರೆ ಪುಟ. ಆ ಎತ್ತರದ ಮಾಡಿನ ಕೆಳಗೆ ನಾನು ಮೆಲ್ಲಗೆ ಓದಿದರೂ ಮಾತು ಮೂಲೆ ಮೂಲೆಗೆ ಕೇಳಿಸುತ್ತಿತ್ತು. ತಪ್ಪು ಪೂರ್ತಿ ನನ್ನದು ಎಂಬ ಸಾಲಿಗೆ ಬಂದಾಗ ನಿಂತು, ಅದನ್ನು ಎರಡು ಸಲ ಓದಿದೆ. ಮುಗಿದ ಮೇಲೆ ಮ್ಯಾನೇಜರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಕ್ಯಾಷಿಯರ್ ನೆಲ ನೋಡುತ್ತಿದ್ದರು.

ಅಟೆಂಡರ್ ನನ್ನ ಕಡೆ ನೋಡಲಿಲ್ಲ. ನೇರವಾಗಿ ಮ್ಯಾನೇಜರ ಮೇಜಿನ ಮುಂದೆ ಹೋಗಿ ನಿಂತರು. "ಕೀ ಕೊಡಿ ಸಾ. ಸೋಮ್ವಾರ ನಾನೇ ತೆಗೀಬೇಕು" ಎಂದರು.

ಮ್ಯಾನೇಜರು ಖಾನೆ ಎಳೆದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಆಕೆಯ ಕಡೆ ತಳ್ಳಿದರು. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ, ಅಂಗೈ ಚಾಚಿ ನಿಂತರು. ಹಜಾರದಲ್ಲಿದ್ದವರೆಲ್ಲ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮ್ಯಾನೇಜರಿಗೆ ಅರ್ಥವಾಯಿತು. ಕುರ್ಚಿ ಹಿಂದೆ ಸರಿಸಿ ಎದ್ದು, ಮೇಜು ಸುತ್ತಿ ಬಂದು, ಕೀಯನ್ನು ಆಕೆಯ ಕೈಯಲ್ಲಿಟ್ಟರು.